ಧೂಳಿಲ್ಲದ ಫ್ಯೂಜು

ಆ ಸಂಜೆ ನಮ್ಮ ಮನೆಯ ಕರೆಂಟು ಹೋಗಿರಲಿಲ್ಲ. ನಾನೇ ತೆಗೆದಿದ್ದೆ. ಅದಕ್ಕೂ ಮುಂಚೆ ಎಷ್ಟೋ ಸಂಜೆ ತೆಗೆದಿದ್ದೆ — ಮತ್ತು ಎಂಟು ವರ್ಷ ಈ ಮಾತನ್ನು ಯಾರ ಮುಂದೆಯೂ ಆಡಲಿಲ್ಲ. ಲೈನ್‌ಮನ್ ಫಕ್ಕೀರಪ್ಪ ಕುಡಿದು ಏಣಿ ಹತ್ತಿದ್ದ, ಅದಕ್ಕೇ ಬಿದ್ದ ಎಂದು ಯರಗುಪ್ಪಿಯಲ್ಲಿ ಇವತ್ತಿಗೂ ಹೇಳುತ್ತಾರೆ. ಅವನು ಕುಡಿದಿರಲಿಲ್ಲ. ಅದು ನನಗೆ ಗೊತ್ತಿತ್ತು.

ನಾನು ಇತಿಹಾಸ ಓದಿದವಳು. ಧಾರವಾಡದಲ್ಲಿ ಎಂ.ಎ. ಮಾಡುವಾಗ ಕಲಿತ ಮೊದಲ ಪಾಠ — ಬರೆದಿಟ್ಟದ್ದು ಎಂಬ ಕಾರಣಕ್ಕೆ ಯಾವುದನ್ನೂ ನಂಬಬಾರದು; ಯಾರು ಬರೆದರು, ಯಾಕೆ ಬರೆದರು ಎಂದು ಕೇಳಬೇಕು. ಆಗಿನಿಂದಲೂ ದಿನಚರಿ ಬರೆಯುತ್ತೇನೆ. ಆ ದಿನದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: ‘ಸಂಜೆ ಕರೆಂಟು ಹೋಗಿತ್ತು. ಫಕ್ಕೀರಪ್ಪ ಏಣಿಯಿಂದ ಬಿದ್ದ. ಕಾಲು ಮುರಿದಿದೆ.’ ನನ್ನ ಹೊರತು ಯಾರೂ ಓದದ ಪುಸ್ತಕ ಅದು. ಅದರಲ್ಲಿ ಯಾರಿಗಾಗಿ ಸುಳ್ಳು ಬರೆದೆ?

ಆಗ ಸಂಜುಗೆ ಆರು ವರ್ಷ, ಚಿನ್ನುಗೆ ನಾಲ್ಕು. ಹಗಲೆಲ್ಲ ಎಲ್ಲರ ಮಕ್ಕಳ ಹಾಗೇ ಇರುತ್ತಿದ್ದವು. ಸಂಜೆ ಏಳಾಯಿತೆಂದರೆ ಮೈಯೊಳಗೆ ಏನೋ ಹೊಕ್ಕ ಹಾಗೆ — ದಣಿದಷ್ಟೂ ಓಟ ಜೋರು, ನಿದ್ದೆ ಹತ್ತಿರ ಬಂದಷ್ಟೂ ಕೂಗಾಟ ಜೋರು. ಪಡಸಾಲೆಯಲ್ಲಿ ಒಟ್ಟಿದ್ದ ಜೋಳದ ಚೀಲಗಳನ್ನು ಹತ್ತಿ ಅಜ್ಜಿಯ ಹಾಸಿಗೆಗೆ ಜಿಗಿಯುವುದು, ಮತ್ತೆ ಹತ್ತುವುದು, ಮತ್ತೆ ಜಿಗಿಯುವುದು. ಅಷ್ಟರಲ್ಲಿ ಕುಂದಗೋಳದಲ್ಲಿ ಬೀಜದ ಅಂಗಡಿ ಮುಚ್ಚಿಕೊಂಡು ನನ್ನ ಗಂಡ ಬಸವರಾಜ ಬರುತ್ತಿದ್ದರು. ಗಾಡಿಯ ಸಪ್ಪಳ ಕೇಳಿದರೆ ಮುಗಿಯಿತು. ಅವರು ಚಿನ್ನುವನ್ನು ಜಂತಿಗೆ ತಾಗುವಷ್ಟು ಎತ್ತರ ಎಸೆದು ಹಿಡಿಯುವರು, ಸಂಜು “ಈಗ ನನ್ನ ಪಾಳಿ, ಅಪ್ಪಾ, ನನ್ನ ಪಾಳಿ!” ಎಂದು ಅವರ ಕಾಲಿಗೆ ಜೋತುಬೀಳುವನು. ಇಂಥ ನಗೆಯಲ್ಲಿ ಒಂದು ತಿರುವು ಇರುತ್ತದೆ. ದನಿ ಸಣ್ಣಗಾಗುತ್ತ, ಮೇಲೇರುತ್ತ, ನಗುವೋ ಅಳುವೋ ತಿಳಿಯದ ಜಾಗಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಯಾರದಾದರೂ ತುಟಿ ಒಡೆಯುತ್ತಿತ್ತು, ಯಾರದಾದರೂ ಹಣೆ ಊದುತ್ತಿತ್ತು. ನಾನು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತ ಆ ತಿರುವಿಗಾಗಿ ಕಿವಿಗೊಟ್ಟು ನಿಂತಿರುತ್ತಿದ್ದೆ.

“ಎಂ.ಎ. ಮಾಡ್ಯಾಳಂತ. ಎರಡು ಕೂಸಿನ್ನ ಮಲಗಸಾಕ ಬರಾಂಗಿಲ್ಲ,” ಎಂದು ಅತ್ತೆ ನನಗೆ ಕೇಳುವ ಹಾಗೆ ಗೋಡೆಗೆ ಹೇಳುತ್ತಿದ್ದರು.

ಒಂದು ಸಂಜೆ ನಿಜವಾಗಿಯೂ ಕರೆಂಟು ಹೋಯಿತು. ಎರಡೂ ಮಕ್ಕಳು ನಿಂತಲ್ಲೇ ನಿಂತವು. ತಡವರಿಸಿಕೊಂಡು ಬಂದು ನನ್ನ ಸೆರಗು ಹಿಡಿದವು. ಕಾಲು ಗಂಟೆಯೊಳಗೆ ನಿದ್ದೆ — ಎಷ್ಟು ಸುಲಭ! ಮರುದಿನ ನಾನು ಮೀಟರಿನ ಕೆಳಗಿದ್ದ ಪಿಂಗಾಣಿಯ ಫ್ಯೂಜನ್ನು ಒಂದು ಜೋಳದ ಕಾಳಿನಷ್ಟು ಹೊರಗೆ ಎಳೆದೆ. ಪೂರ್ತಿ ಕಿತ್ತರೆ ಕಣ್ಣಿಗೆ ಬೀಳುತ್ತಿತ್ತು. ಸಡಿಲ ಮಾಡಿ ಬಿಟ್ಟರೆ, ಬ್ಯಾಟರಿ ಹಿಡಿದು ನೋಡಿದರೂ ತನ್ನ ಜಾಗದಲ್ಲಿ ಇದ್ದ ಹಾಗೇ ಕಾಣುತ್ತಿತ್ತು. ಮಕ್ಕಳು ಮಲಗಿದ ಮೇಲೆ ಹೆಬ್ಬೆರಳಿನಿಂದ ಒತ್ತಿದರಾಯಿತು. ಆ ಹೊತ್ತಿನಲ್ಲಿ ನಾನು ಉಪನ್ಯಾಸಕರ ಪರೀಕ್ಷೆಗೆ ಓದುತ್ತಿದ್ದೆ. ಮಕ್ಕಳಿಗಾಗಿ ಮಾಡಿದೆ ಎಂದು ಬಹಳ ದಿನ ಅಂದುಕೊಂಡಿದ್ದೆ. ಅಲ್ಲ — ಆ ಒಂದು ಗಂಟೆ ನನಗೆ ಬೇಕಾಗಿತ್ತು. ಇವತ್ತು ನನಗಿರುವ ನೌಕರಿ ಆ ಗಂಟೆಗಳಿಂದಲೇ ಬಂದದ್ದು.

ನೆರೆಮನೆಯಲ್ಲಿ ದೀಪ ಇದ್ದು ನಮ್ಮಲ್ಲಷ್ಟೇ ಹೋಗುವುದು ಬಸವರಾಜರಿಗೆ ಅವಮಾನವಾಗಿ ಕಂಡಿತು. ಅವರು ಫಕ್ಕೀರಪ್ಪನಿಗೆ — ನಾನು ಫಕ್ಕೀರಣ್ಣ ಎನ್ನುತ್ತಿದ್ದೆ — ಫೋನು ಮಾಡಿ ಬೈಯುತ್ತಿದ್ದರು. ಅವನು ಗುತ್ತಿಗೆಯ ಮೇಲೆ ಲೈನಿನ ಕೆಲಸ ಮಾಡುತ್ತಿದ್ದ, ನಮ್ಮದೇ ಓಣಿಯ ಕೊನೆಯ ಮನೆಯವನು. ಅವನು ಬರುವಷ್ಟರಲ್ಲಿ ದೀಪ ಬಂದಿರುತ್ತಿತ್ತು. ಎರಡು ಮೂರು ಸಲ ಬರಿಗೈಯಲ್ಲಿ ಹೋದ. ಒಮ್ಮೆ ಹಗಲಲ್ಲಿ ಬಂದು, ಮೀಟರಿನ ಮುಂದೆ ಸ್ಟೂಲ್ ಹಾಕಿ ನಿಂತು, ಫ್ಯೂಜನ್ನು ಬಿಚ್ಚಿ ತಿರುಗಿಸಿ ನೋಡಿದ.

“ಮೀಟರಿನ ಮ್ಯಾಲೆ ಜ್ಯಾಡ ಬಲಿ ಕಟ್ಟೇತಿ, ಬೋರ್ಡಿನ ಮ್ಯಾಲೆ ಬೆರಳ ದಪ್ಪ ಧೂಳ ಐತಿ,” ಎಂದ. “ಇದೊಂದ ಅಗದಿ ತಿಕ್ಕಿ ತೊಳದಂಗ ಐತಿ ನೋಡ್ರಿ, ಅಕ್ಕಾರ.”

ನಾನು ಚಹಾ ತರುತ್ತೇನೆ ಎಂದು ಒಳಗೆ ಹೋದೆ. ತಂದು ಕೊಟ್ಟಾಗ ಅವನು ನಗುತ್ತಿದ್ದ. “ಏಳೂವರಿ ಆತಂದ್ರ ಹೋಗತೈತಂತಲ್ರಿ. ನಿಮ್ಮ ಮನಿ ಕರೆಂಟಿಗೆ ಗಡಿಯಾರ ನೋಡಾಕ ಬರ್ತೈತೇನ?” ನಾನೂ ನಕ್ಕೆ. ನಕ್ಕದ್ದು ಚೆನ್ನಾಗಿ ನೆನಪಿದೆ. ಅಲ್ಲಿಗೇ ನಿಲ್ಲಿಸಬಹುದಿತ್ತು.

ಆ ಸಂಜೆ ಬಸವರಾಜ ಬೇಗ ಬಂದಿದ್ದರು. ಮಕ್ಕಳ ಹುಯಿಲು ಎಂದಿಗಿಂತ ಮೊದಲೇ ಆ ತಿರುವು ಮುಟ್ಟಿತು. ನಾನು ಫ್ಯೂಜು ಎಳೆದೆ. ಕತ್ತಲಾಯಿತು. ಮಕ್ಕಳನ್ನು ಎರಡೂ ಬದಿಗೆ ಹಾಕಿಕೊಂಡು ಮಲಗಿದೆ. ಅವುಗಳ ಎದೆ ಇನ್ನೂ ಹಕ್ಕಿಯ ಎದೆಯ ಹಾಗೆ ಬಡಿಯುತ್ತಿತ್ತು. ಹೊರಗೆ ಬಸವರಾಜ ಫೋನಿನಲ್ಲಿ ಬೈಯುವುದು ಕೇಳಿಸುತ್ತಿತ್ತು. ಫಕ್ಕೀರಣ್ಣ ಹತ್ತಿರದಲ್ಲೇ ಎಲ್ಲೋ ಇದ್ದನಿರಬೇಕು, ಐದೇ ನಿಮಿಷದಲ್ಲಿ ಬಿದಿರಿನ ಏಣಿ ಹೊತ್ತುಕೊಂಡು ಬಂದ.

“ಊರಿಗೆಲ್ಲಾ ಐತಿ, ನಮ್ಮ ಮನಿಗಷ್ಟ ಏನ ರೋಗ ಬಂದೈತೋ? ಇವತ್ತ ಕಂಬ ಹತ್ತಿ ನೋಡಿದ್ರನ ಬಿಡ್ತೇನಿ,” ಎಂದರು ಇವರು.

“ಕಂಬದಾಗ ಏನಿಲ್ರೀ ಸಾವಕಾರ.”

“ಹತ್ತಲೇ ಮೊದಲ!”

ಆಗ ಅವನು ನಮ್ಮ ಬಾಗಿಲಿಗೆ ಬಂದ. ಒಳಗೆ ಕತ್ತಲಿತ್ತು, ಅವನಿಗೆ ನಾನು ಕಾಣುತ್ತಿರಲಿಲ್ಲ. ಆದರೂ ನನ್ನ ಕಡೆಗೇ ಹೇಳಿದ: “ಅಕ್ಕಾರ, ನಾ ಮ್ಯಾಲೆ ಹತ್ತತೇನ್ರಿ. ನೀವೂ ಒಮ್ಮಿ ಒಳಗ ನೋಡ್ರಲ್ಲ.”

ನಾನು ಏಳಲಿಲ್ಲ. ಎದ್ದರೆ ಮಕ್ಕಳು ಏಳುತ್ತವೆ; ಈಗ ದೀಪ ಬಂದರೆ ಎಲ್ಲರಿಗೂ ತಿಳಿಯುತ್ತದೆ; ಅವನು ಹತ್ತಿ ಇಳಿದು ಹೋಗಲಿ, ಆಮೇಲೆ — ಹೀಗೆ ಎಷ್ಟು ಹೊತ್ತು ಲೆಕ್ಕ ಹಾಕಿದೆನೋ. ಬಾಗಿಲ ಎದುರಿನ ಕಂಬಕ್ಕೆ ಒರಗಿಸಿದ ಏಣಿಯ ಗಳ ಕರಕರ ಅನ್ನುವುದು ಕೇಳಿಸಿತು. ಅವನು ತಂತಿಯ ಹತ್ತಿರ ಹೋಗುತ್ತಿದ್ದಾನೆ ಎನ್ನಿಸಿದಾಗ ಹೆದರಿಕೆಯಾಯಿತು. ಎದ್ದೆ. ಕತ್ತಲಲ್ಲೇ ಸ್ಟೂಲ್ ಹತ್ತಿದೆ. ಒತ್ತಿದೆ.

ದೀಪ ಬಂತು. ನಿದ್ದೆಯ ಅಂಚಿನಲ್ಲಿದ್ದ ಎರಡೂ ಮಕ್ಕಳು ಚಂಗನೆ ಎದ್ದವು. “ಬಂತೋ! ಬಂತೋ!” ಎಂದು ಚೀರುತ್ತ, ಅರ್ಧ ಹಗಲು ತಡೆದಿಟ್ಟಿದ್ದ ಕರುಗಳ ಹಾಗೆ ಬೀದಿಗೆ ನುಗ್ಗಿದವು. ಏಣಿಯ ಬುಡ ಹಿಡಿದು ನಿಂತಿದ್ದ ಅಪ್ಪನ ಮೈಮೇಲೆ ಬಿದ್ದವು.

ಮುಂದಿನದು ನನಗೆ ಖಚಿತವಿಲ್ಲ. ಬಸವರಾಜ ಚಿನ್ನುವನ್ನು ಎತ್ತಿಕೊಳ್ಳಲು ಏಣಿ ಬಿಟ್ಟರು ಎಂದು ನನ್ನ ನೆನಪು. ಬಿಟ್ಟಿರಲಿಲ್ಲ ಎಂದು ಅವರ ನೆನಪು. ತಾನು ಏನನ್ನೂ ಮುಟ್ಟದೇ ಬಂದ ಬೆಳಕನ್ನು ನೋಡಲು ಫಕ್ಕೀರಣ್ಣ ತಿರುಗಿದ ಎಂದು ಒಮ್ಮೊಮ್ಮೆ ಕಾಣುತ್ತದೆ — ಆದರೆ ನಾನು ಬಾಗಿಲಿಗೆ ಬಂದದ್ದು ಸಪ್ಪಳ ಕೇಳಿದ ಮೇಲೆ, ಹಾಗಾದರೆ ಅದನ್ನು ಹೇಗೆ ನೋಡಿದೆ? ನನಗೆ ಖಚಿತವಾಗಿರುವುದು ನನ್ನ ಹೆಬ್ಬೆರಳು ಒಂದೇ. ಅವನು ಬಾಗಿಲ ಮುಂದಿನ ಕಲ್ಲಿನ ಮೇಲೆ ಬಿದ್ದಿದ್ದ. ಬಲಗಾಲು ತೊಡೆಯ ಹತ್ತಿರ ಬೇರೆ ದಿಕ್ಕಿಗೆ ತಿರುಗಿತ್ತು. ಮಕ್ಕಳು ಇನ್ನೂ ಕುಣಿಯುತ್ತಲೇ ಇದ್ದವು. ಅವಕ್ಕೆ ನಿಲ್ಲಿಸಲು ಆಗುತ್ತಿರಲಿಲ್ಲ.

ಮೂರನೆಯ ದಿನ ಹುಬ್ಬಳ್ಳಿಯ ಆಸ್ಪತ್ರೆಗೆ ಹೋದೆವು. ಅವನು ಕೇಳಿದ್ದು ಒಂದೇ ಮಾತು: “ಹುಡುಗ್ರು ಮತ್ತ ಮಕ್ಕೊಂಡ್ವೇನ್ರೀ, ಅಕ್ಕಾರ?” ಅದು ಕಾಳಜಿಯೋ, ಬೇರೆ ಏನಾದರೂ ಆಗಿತ್ತೋ — ಅಂದು ತಿಳಿದುಕೊಳ್ಳಲು ನಾನು ಬಯಸಲಿಲ್ಲ.

‘ಕುಡಿದಿದ್ದ’ ಎಂಬ ಮಾತು ಮೊದಲು ಹುಟ್ಟಿದ್ದು ನಮ್ಮ ಕಟ್ಟೆಯ ಮೇಲೆಯೇ. “ಕುಡದಿರಬೇಕ ಮಗಾ,” ಎಂದು ಬಸವರಾಜ ಯಾರಿಗೋ ಹೇಳಿದರು. ವಾರದೊಳಗೆ ಅದು ಊರ ಮಾತಾಯಿತು. ಗುತ್ತಿಗೆಯವರ ಕಡೆಯಿಂದ ಒಬ್ಬರು ವಿಚಾರಿಸಲು ಬಂದರು. ಇವರನ್ನು ಕೇಳಿದರು, ಅತ್ತೆಯನ್ನು ಕೇಳಿದರು, ಕೊನೆಗೆ ನನ್ನನ್ನು ಕೇಳಿದರು: “ನೀವೇನಾರ ನೋಡಿರೇನ್ರಿ?”

“ನಾ ಒಳಗಿದ್ದೆರಿ,” ಎಂದೆ. “ನನಗ ಗೊತ್ತಿಲ್ಲ.”

ಅವರು ಕಾಗದದ ಮೇಲೆ ಬರೆದುಕೊಂಡರು. ಫಕ್ಕೀರಣ್ಣನ ಕೆಲಸ ಹೋಯಿತು. ಆಮೇಲೆ ನಾನು ಫ್ಯೂಜು ಎಂದೂ ಮುಟ್ಟಲಿಲ್ಲ. ಮಕ್ಕಳು ಕುಣಿದು, ಬಿದ್ದು, ಅತ್ತು, ತಾವೇ ಮಲಗುತ್ತಿದ್ದವು. ಒಂದು ವರ್ಷ ಕಳೆಯುವುದರೊಳಗೆ ಅದೂ ನಿಂತುಹೋಯಿತು. ಇನ್ನೊಂದು ವರ್ಷ ಕಾದಿದ್ದರೆ ಸಾಕಾಗಿತ್ತು.

ಈ ವರ್ಷ ಕಾಲೇಜಿನಲ್ಲಿ ಅವನ ಮಗಳು ರೇಣುಕಾ ನನ್ನ ತರಗತಿಗೆ ಬಂದಿದ್ದಾಳೆ, ಎರಡನೆಯ ಬೆಂಚು. ಬರೆದದ್ದನ್ನು ನಂಬಬೇಡಿ, ಯಾರು ಬರೆದರು ಎಂದು ಕೇಳಿ ಎಂದು ನಾನು ಹೇಳಿದಾಗ ಅವಳು ತಲೆ ಬಗ್ಗಿಸಿ ಅದನ್ನೇ ಬರೆದುಕೊಳ್ಳುತ್ತಿದ್ದಳು.

ಫಕ್ಕೀರಣ್ಣ ಈಗ ಹಿಟ್ಟಿನ ಗಿರಣಿಯಲ್ಲಿ ಕೂರುತ್ತಾನೆ. ಬಲಗಾಲು ಮಡಚಲು ಬರುವುದಿಲ್ಲ, ಮುಂದಕ್ಕೆ ಚಾಚಿಕೊಂಡೇ ಇರುತ್ತಾನೆ. ಕಳೆದ ಭಾನುವಾರ ಜೋಳ ತೆಗೆದುಕೊಂಡು ಹೋದವಳು ಉಳಿದವರೆಲ್ಲ ಹೋಗುವವರೆಗೆ ನಿಂತೆ. ಹೇಳಿದೆ. ಗಿರಣಿಯ ಸದ್ದಿನಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ ಎಂದು ಮತ್ತೊಮ್ಮೆ, ಗಟ್ಟಿಯಾಗಿ ಹೇಳಿದೆ. ಅವನು ಕೈ ಚಾಚಿ ಮೋಟರು ಬಂದ್ ಮಾಡಿದ.

“ಗೊತ್ತೈತ್ರಿ. ಆ ಫ್ಯೂಜ್ ನೋಡಿದ ದಿವ್ಸಾನ ಗೊತ್ತಾತು.”

“ಮತ್ತ ಯಾಕ ಹತ್ತಿದಿ, ಅಣ್ಣಾ?”

“ಸಾವಕಾರ ಬಾಜೂಕ ನಿಂತಿದ್ರಲ್ರಿ. ಅವರ ಮುಂದ ಹೆಂಗ ಹೇಳ್ಲಿ? ನಾ ಸಾವಕಾಶ ಹತ್ತಿದ್ರ, ಅಷ್ಟರಾಗ ನೀವ ಒತ್ತತೀರಿ ಅಂತ ತಿಳದ್ನಿ.” ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡ. “ತಡಾ ಮಾಡಿದ್ರಿ.”

ಏನು ಕೊಡಲಿ, ಏನು ಮಾಡಲಿ ಎಂದು ನಾನು ಏನೇನೋ ತೊದಲಿದೆ. ಅವನು ಕೈಯೆತ್ತಿ ತಡೆದ.

“ನನಗೇನ ಬ್ಯಾಡ್ರಿ. ನಮ್ಮ ರೇಣುಕಾಗ ಹೇಳ್ರಿ. ಅಪ್ಪ ಕುಡದ ಬಿದ್ದಾನ ಅಂತನ ತಿಳದಾಳ ಅಕಿ.”

“ನೀ ಹೇಳಿಲ್ಲೇನು ಅಕಿಗೆ?”

“ಹೇಳೇನ್ರಿ. ಕುಡದವ್ರೆಲ್ಲಾ ಹಂಗ ಹೇಳ್ತಾರ ಅಂದ್ಲು.”

ಮತ್ತೆ ಮೋಟರು ಹಾಕಿದ. ನನ್ನ ಜೋಳ ಬೀಸಿ, ಡಬ್ಬಿಯ ಮುಚ್ಚಳ ಬಿಗಿ ಮಾಡಿ ಕೊಟ್ಟ.

ಬಸವರಾಜರಿಗೆ ಎಲ್ಲ ಹೇಳಿದ್ದೇನೆ. “ಎಂಟ ವರ್ಷಾತು, ಈಗ್ಯಾಕ ಕೆದರ್ತಿ?” ಎಂದವರು ನನ್ನೊಂದಿಗೆ ಎರಡು ದಿನದಿಂದ ಮಾತಾಡಿಲ್ಲ. ಆ ಹಳೆಯ ದಿನಚರಿ ಹುಡುಕಿ ತೆಗೆದೆ. ಸುಳ್ಳಿನ ಸಾಲನ್ನು ಹೊಡೆದುಹಾಕಿಲ್ಲ — ಅದು ಇದ್ದ ಹಾಗೆಯೇ ರೇಣುಕಾಳ ಕಣ್ಣಿಗೆ ಬೀಳಲಿ. ಅದರ ಕೆಳಗೆ ಇವತ್ತಿನ ತಾರೀಖು ಹಾಕಿ ನಡೆದದ್ದನ್ನು ಬರೆದು ಸಹಿ ಮಾಡಿದ್ದೇನೆ. ನಾಳೆ ಸಂಜೆ ಅವಳು ಕಾಲೇಜಿನಿಂದ ಮನೆ ಮುಟ್ಟುವ ಹೊತ್ತಿಗೆ ಪುಸ್ತಕ ಹಿಡಿದುಕೊಂಡು ಹೋಗುತ್ತೇನೆ. ಅವಳು ಏನು ಅನ್ನುತ್ತಾಳೋ, ಮುಂದೆ ನನ್ನ ತರಗತಿಯಲ್ಲಿ ಕೂರುತ್ತಾಳೋ ಇಲ್ಲವೋ — ತಿಳಿಯದು.

ನಾನು ಒಳಗಿದ್ದೆ ಎಂದು ನಾಳೆಯೂ ಹೇಳುತ್ತೇನೆ. ಒಳಗೆ ಏನು ಮಾಡುತ್ತಿದ್ದೆ ಎಂಬುದನ್ನೂ ಹೇಳುತ್ತೇನೆ.