ಹಸಬನೀಸ ಮಾಸ್ತರರು ಬೈದ ಚಿತ್ರ

ಹಸಬನೀಸ ಮಾಸ್ತರರು ಬೈದರೆಂದರೆ ಆ ಚಿತ್ರ ಇಪ್ಪತ್ತೈದು ವಾರ ಓಡುವುದು ಖಂಡಿತ ಎಂಬ ಮಾತು ಒಂದು ಕಾಲದಲ್ಲಿ ಕೊಲ್ಹಾಪುರದಲ್ಲಿ ಚಾಲ್ತಿಯಲ್ಲಿತ್ತು. ಹೈಸ್ಕೂಲಿನಲ್ಲಿ ಮರಾಠಿ ವ್ಯಾಕರಣ ಕಲಿಸುತ್ತಿದ್ದ ವಿಷ್ಣುಪಂತ ಹಸಬನೀಸರು ಊರಿನ ದಿನಪತ್ರಿಕೆಗೆ ಇಪ್ಪತ್ತೆರಡು ವರ್ಷ ಸಿನಿಮಾ ವಿಮರ್ಶೆ ಬರೆದರು. ಪ್ರತಿ ಶುಕ್ರವಾರ ಇಸ್ತ್ರಿ ಅಂಗಿ ತೊಟ್ಟು, ನೋಟುಬುಕ್ಕು ಹಿಡಿದು, ಕಾಪಿ ಹೊಡೆಯುವವರನ್ನು ಹಿಡಿಯಲು ಹೊರಟವರಂತೆ ಮೊದಲ ಆಟಕ್ಕೆ ಹೋಗುತ್ತಿದ್ದರು. ಮರಾಠಿಯಲ್ಲಿ ಹಾಸ್ಯಚಿತ್ರಗಳು ಹೊಳೆಯಾಗಿ ಹರಿಯುತ್ತಿದ್ದ ದಿನಗಳವು. ಜನ ಬಿದ್ದು ಬಿದ್ದು ನಗುವಾಗ ಮಾಸ್ತರರು ತಲೆ ತಗ್ಗಿಸಿ, ಸಂಭಾಷಣೆಯ ವ್ಯಾಕರಣ ದೋಷಗಳನ್ನು ಗುರುತು ಹಾಕಿಕೊಳ್ಳುತ್ತಿದ್ದರು.

ಚಿತ್ರಮಂದಿರದ ಮಾಲೀಕ ಅಣ್ಣಾಸಾಹೇಬ ಮೋರ್ಬಾಳೆಗೆ ಅವರ ಮೇಲೆ ಸಿಟ್ಟಿರಲಿಲ್ಲ, ಭಕ್ತಿಯಿತ್ತು.

“ಮಾಸ್ತರ್, ಈ ಸಲ ಜೋರಾಗೇ ಬೈರಿ. ಹೋದ ವಾರ ‘ಪರವಾಗಿಲ್ಲ’ ಅಂತ ಬರದ್ರಿ, ನನ್ನ ಬಾಲ್ಕನ್ಯಾಗ ಪಾರಿವಾಳ ಕುಂತಿದ್ವು.”

“ನಾ ಖರೇನ ಬರೀತೀನಿ, ಅಣ್ಣಾಸಾಹೇಬ.”

“ಅದನ್ನ ಬರೀರಿ. ಆದ್ರ ಕೈ ಬಿಗಿ ಮಾಡಬ್ಯಾಡ್ರಿ.”

ಎಂಬತ್ತಾರರಲ್ಲಿ ‘ಮೂವರು ಅಳಿಯಂದಿರು, ಒಂದು ಎಮ್ಮೆ’ ಬಂತು. ಮಾವ ಮೂವರು ಅಳಿಯಂದಿರಿಗೂ ಒಂದೇ ಎಮ್ಮೆಯನ್ನು ಬಳುವಳಿಯಾಗಿ ಕೊಡುವುದಾಗಿ ಮಾತು ಕೊಟ್ಟಿರುತ್ತಾನೆ. ಮೂವರೂ ಒಬ್ಬರಿಗೊಬ್ಬರು ತಿಳಿಯದಂತೆ ಅದನ್ನು ಕದ್ದು, ಕಡೆಗೆ ಅದೇ ಮಾವನಿಗೆ ಮಾರುತ್ತಾರೆ. ‘ಇಡೀ ಚಿತ್ರದಲ್ಲಿ ಸಂಯಮದ ನಟನೆ ಕಂಡದ್ದು ಎಮ್ಮೆಯೊಂದರಲ್ಲೇ’ ಎಂದು ಮಾಸ್ತರರು ಬರೆದರು. ಎಮ್ಮೆಯನ್ನು ನೋಡಲು ಗಂಗಾವೇಸ್ ಪೇಟೆಯ ಹಾಲು ಮಾರುವವರೆಲ್ಲ ಮನೆಮಂದಿಯನ್ನು ಕಟ್ಟಿಕೊಂಡು ಬಂದರು. ಚಿತ್ರ ನಲವತ್ತೊಂದು ವಾರ ಓಡಿತು. ಮೋರ್ಬಾಳೆ ಮಾಸ್ತರರ ಮನೆಗೆ ಪೇಢೆ ಕಳಿಸಿದ. ಮಾಸ್ತರರು ಮುಟ್ಟಲಿಲ್ಲ. ಹೆಂಡತಿ ಕುಮುದ ತಿಂದರು.

ಕಾಲ ಸರಿಯಿತು. ಚಿತ್ರಮಂದಿರ ಮದುವೆ ಮಂಟಪವಾಯಿತು, ಮೋರ್ಬಾಳೆ ತೀರಿಕೊಂಡ. ಮಾಸ್ತರರಿಗೆ ಎಪ್ಪತ್ತೆಂಟಾಯಿತು. ತಮ್ಮ ಸಿಟ್ಟು ಕೇಳುವವರೇ ಊರಲ್ಲಿ ಉಳಿದಿಲ್ಲ ಎಂಬ ಕೊರಗು ಅವರಿಗೆ ಹತ್ತಿತ್ತು. ಅಷ್ಟರಲ್ಲಿ ಹಳೆಯ ಚಿತ್ರಗಳನ್ನು ತೋರಿಸುವ ಊರಿನ ಚಿತ್ರ ಸಮಾಜದ ಕಾರ್ಯದರ್ಶಿ ಮಧುರಾ ಚೌಗುಲೆ ಎಂಬ ಹುಡುಗಿ ಮನೆಗೆ ಬಂದಳು.

“ಕಾಕಾ, ಎಮ್ಮಿ ಸಿನಿಮಾದ ಹಳೇ ರೀಲು ಸಿಕ್ಕಾವು, ಸ್ವಚ್ಛ ಮಾಡ್ಸೀವಿ. ಅದನ್ನ ಕ್ಲಾಸಿಕ್ ಅನ್ನಬೇಕೋ ಬ್ಯಾಡೋ ಅಂತ ಚರ್ಚಾ ಇಟ್ಟೀವಿ. ಬೇಕು ಅನ್ನೋರು ಹನ್ನೆರಡು ಮಂದಿ ಸಿಕ್ರು. ಬ್ಯಾಡ ಅನ್ನಾಕ ನೀವೊಬ್ರಽ ಉಳದೀರಿ.”

“ಕ್ಲಾಸಿಕ್ಕಾ? ಆ ಸಗಣೀನಾ?” ಎಂದ ಮಾಸ್ತರರ ಮುಖದ ಮೇಲೆ ಎಷ್ಟೋ ವರ್ಷಗಳಿಂದ ಇರದ ಕಳೆ ಬಂತು. ಎಂಟು ದಿನ ಕೂತು ಹನ್ನೆರಡು ಪುಟದ ಖಂಡನೆ ಬರೆದರು.

ಭಾನುವಾರ ಬೆಳಿಗ್ಗೆ ಮೊದಲು ಚಿತ್ರ, ಆಮೇಲೆ ಚರ್ಚೆ. ಸಭಾಂಗಣ ತುಂಬಿ ಮೆಟ್ಟಿಲ ಮೇಲೂ ಜನ. ಮೊದಲ ಸಾಲಿನಲ್ಲಿ ಮಾಸ್ತರರು, ಪಕ್ಕದಲ್ಲಿ ಕುಮುದ. ಎಮ್ಮೆ ವೇಷ ಮರೆಸಿಕೊಂಡ ಕಿರಿಯ ಅಳಿಯನ ಕೈ ನೆಕ್ಕುವ ದೃಶ್ಯ ಬಂತು. ಪರದೆಯ ಮೇಲಿನ ಅಳಿಯ ಇನ್ನೂ ಬಾಯಿ ತೆರೆದಿರಲಿಲ್ಲ. ಅವನ ಮಾತನ್ನು ಕುಮುದ ಮೊದಲೇ ಅಂದುಬಿಟ್ಟರು: “ಎಮ್ಮಿ ನನ್ನ ಗುರ್ತ ಹಿಡೀತು, ಮಾವಾರು ಹಿಡೀಲಿಲ್ಲ!”

ಮಾಸ್ತರರು ತಿರುಗಿ ನೋಡಿದರು. “ನಿನಗ ಹ್ಯಾಂಗ ಗೊತ್ತು?”

“ಒಂಬತ್ತು ಸಲ ನೋಡೀನಿ. ಸೋಮವಾರದ ಮ್ಯಾಟಿನಿ. ಪತ್ರಿಕೆಯವರು ಎರಡು ಪಾಸ್ ಕೊಡ್ತಿದ್ರಲ್ರೀ, ಒಂದು ಉಳೀತಿತ್ತು. ಉಳಿದ ಸಲ ಎಲ್ಲಾ ಮೋರ್ಬಾಳೆ ಪುಕ್ಕಟೆ ಒಳಗ ಬಿಡ್ತಿದ್ರು.”

“ಸೋಮವಾರ ನಿನ್ನ ಭಜನೀ ಮಂಡಳಿ ಇರ್ತಿತ್ತಲ್ಲ!”

“ಮಂಡಳಿ ಎಲ್ಲಾ ಅಲ್ಲೇ ಇರ್ತಿತ್ತು.”

ಅಷ್ಟರಲ್ಲಿ ಪರದೆಯ ಮೇಲೆ ಮಾವ ತನ್ನದೇ ಎಮ್ಮೆಯ ಹಲ್ಲು ಎಣಿಸಿ ಚೌಕಾಸಿಗೆ ಇಳಿದಿದ್ದ. ಮಾಸ್ತರರು ತಲೆ ಎತ್ತಿ ಆ ದೃಶ್ಯ ನೋಡಿದ್ದು ಅದೇ ಮೊದಲು. ಉಕ್ಕಿದ ನಗುವನ್ನು ಕೆಮ್ಮೆಂದು ಮುಚ್ಚಲು ನೋಡಿದರು, ಆಗಲಿಲ್ಲ. ನಗು ಕಣ್ಣೀರಾಗಿ ಇಳಿದು ಹನ್ನೆರಡು ಪುಟದ ಮೇಲೆ ಬಿತ್ತು.

ಚರ್ಚೆಯಲ್ಲಿ ಅವರು ಕಾಗದ ಮಡಚಿಟ್ಟು ಎದ್ದು ನಿಂತರು.

“ಇದನ್ನ ಕ್ಲಾಸಿಕ್ ಅನ್ನಬ್ಯಾಡ್ರಿ. ನಿಮ್ಮ ಕಪಾಟಿನ್ಯಾಗ ದೊಡ್ಡ ದೊಡ್ಡ ಗ್ರಂಥ ಅದಾವು. ಧೂಳ ಒರಸೂದು ಬಿಟ್ರ ಯಾರರೆ ಮುಟ್ಟೀರೇನು? ಈ ಎಮ್ಮಿ ಪಾಪ, ನಲವತ್ತು ವರ್ಷದಿಂದ ಹಾಲು ಕೊಡಾಕತ್ತೈತಿ. ಅದಕ್ಕ ಹಾರ ಹಾಕಿ ಗೂಟಕ್ಕ ಕಟ್ಟಬ್ಯಾಡ್ರಿ.”

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಇದನ್ನು ಮಾಸ್ತರರ ಹೃತ್ಪೂರ್ವಕ ಬೆಂಬಲವೆಂದು ತಿಳಿದು, ಚಿತ್ರ ಕ್ಲಾಸಿಕ್ ಎಂಬ ಠರಾವು ಸರ್ವಾನುಮತದಿಂದ ಪಾಸಾಯಿತೆಂದು ಸಾರಿದರು. ಮುಂದಿನ ಭಿತ್ತಿಪತ್ರದಲ್ಲಿ ದೊಡ್ಡ ಅಕ್ಷರದಲ್ಲಿ ‘ಸಂಯಮದ ನಟನೆ — ಹಸಬನೀಸ’ ಎಂದು ಅಚ್ಚಾಯಿತು. ಎಮ್ಮೆಯ ಹೆಸರು ಉದುರಿಹೋಗಿತ್ತು.

ಮಳೆಗಾಲ ಮುಗಿದ ಮೇಲೆ ‘ಕ್ಲಾಸಿಕ್ ಮಾಲಿಕೆ’ಯಲ್ಲಿ ಚಿತ್ರ ಮತ್ತೆ ಬಂತು. ಕುಮುದರ ಹಟಕ್ಕೆ ಮಾಸ್ತರರೂ ಹೋದರು. ಈ ಸಲ ಬಂದವರು ಹದಿನಾಲ್ಕು ಮಂದಿ. ಪುಣೆಯಿಂದ ಬಂದ ಪ್ರಾಧ್ಯಾಪಕರೊಬ್ಬರು ಮುಕ್ಕಾಲು ಗಂಟೆ ಮಾತಾಡಿ, ಎಮ್ಮೆಯೆಂದರೆ ಭೂಮಿಯ ಒಡೆತನ, ಅಳಿಯಂದಿರೆಂದರೆ ಮೂರು ವರ್ಗಗಳು ಎಂದು ತಿಳಿಸಿದರು. ಚಿತ್ರ ಶುರುವಾಯಿತು. ಯಾರೂ ನಗಲಿಲ್ಲ. ನಗು ಬರುವಲ್ಲೆಲ್ಲ ಗಂಭೀರವಾಗಿ ತಲೆಯಾಡಿಸಿ ಏನೋ ಬರೆದುಕೊಳ್ಳುತ್ತಿದ್ದರು.

ಕುಮುದ ಎಂದಿನಂತೆ ಅಳಿಯನಿಗಿಂತ ಮೊದಲೇ ಮಾತು ಅಂದು ನಕ್ಕರು. ಮುಂದಿನ ಸಾಲಿನ ಗಡ್ಡದ ತರುಣ ತಿರುಗಿದ.

“ಕಾಕೂ, ಸ್ವಲ್ಪ ಸುಮ್ನಿರ್ರಿ. ಕ್ಲಾಸಿಕ್ ನಡದದ.”

ಮಾಸ್ತರರು ಅವನ ಕೈಯಲ್ಲಿದ್ದ ನೋಟುಬುಕ್ಕನ್ನು ನೋಡಿದರು. ಹೆಂಡತಿಯ ಕೈ ಹಿಡಿದು ಎದ್ದು ಹೊರಗೆ ನಡೆದರು.

ರಂಕಾಳೆ ಕೆರೆಯ ದಂಡೆಯಲ್ಲಿ ಸಂಜೆಯ ಬಿಸಿಲು ಇನ್ನೂ ಇತ್ತು. ಎರಡು ಪ್ಲೇಟು ಭೇಳ ತಗೊಂಡು ಕಟ್ಟೆಯ ಮೇಲೆ ಕೂತರು.

“ಆ ಹುಡುಗಗ ಏನೂ ತಿಳೀಲಿಲ್ಲ ನೋಡು,” ಎಂದರು ಮಾಸ್ತರರು.

“ನಿಮಗ ತಿಳಿಯಾಕ ಮೂವತ್ತೆಂಟು ವರ್ಷ ಹಿಡೀತು. ಅವನಿಗೂ ಒಂದೀಟು ಟೈಮ್ ಕೊಡ್ರಿ.”

ಮಾಸ್ತರರು ತಪ್ಪೊಪ್ಪಿಕೊಳ್ಳುವ ಹುಡುಗನ ದನಿಯಲ್ಲಿ ಕೇಳಿದರು: “ಮತ್ತ ಯಾವ್ಯಾವ ನೋಡೀದಿ ಆವಾಗ? ನಾ ಬೈದದ್ದು?”

ಕುಮುದ ಬೆರಳು ಮಡಚುತ್ತ ಹೆಸರು ಹೇಳತೊಡಗಿದರು. ಭೇಳ ಮೆತ್ತಗಾಯಿತು, ಹೆಸರು ಮುಗಿಯಲಿಲ್ಲ.