ನಾಮಪತ್ರ ಹಿಂಪಡೆಯುವ ಕೊನೆಯ ಅರ್ಧ ಗಂಟೆ

ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ, ಗೋವೆಯ ಒಂದು ಬಂದರು ಪಟ್ಟಣದ ಪುರಸಭೆ ಚುನಾವಣೆಯಲ್ಲಿ ನಾಮಪತ್ರ ಸ್ವೀಕರಿಸುವ ಮೇಜು ನನ್ನ ಪಾಲಿಗೆ ಬಂತು. ನಾನಾಗ ಹೆಡ್ ಕ್ಲಾರ್ಕ್. ತಂದೆ ವಿಜಯಪುರದ ಕಡೆಯಿಂದ ಬಂದರಿನಲ್ಲಿ ಮೂಟೆ ಹೊರಲು ಬಂದವರು. ಹಾಗಾಗಿ ಕನ್ನಡದವರೇ ತುಂಬಿದ್ದ ಗುಡ್ಡದ ವಾರ್ಡಿನ ಕಾಗದಪತ್ರಗಳನ್ನು ಚುನಾವಣಾಧಿಕಾರಿ ಸಾಹೇಬರು ನನಗೇ ಒಪ್ಪಿಸಿದ್ದರು.

ಆ ವಾರ್ಡಿನಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಇಳಿಜಾರಿನ ಮನೆಗಳನ್ನು ಕೆಡವಿ ಲಾರಿ ನಿಲ್ದಾಣ ಮಾಡಬೇಕೋ ಬೇಡವೋ. ಬೇಕೆನ್ನುವ ಗುತ್ತಿಗೆದಾರನೊಬ್ಬ ಕಣದಲ್ಲಿದ್ದ. ಬೇಡವೆನ್ನುವವರು ಇಬ್ಬರು. ಬೀಚಿನಲ್ಲಿ ಮಣಿಸರ ಮಾರುವ ರೇಣವ್ವ ಮತ್ತು ಟೆಂಪೊ ಓಡಿಸುವ ಮೌಲಾಸಾಬ. ಅಕ್ಕಪಕ್ಕದ ಮನೆಯವರು, ಮನೆ ಉಳಿಸುವ ಅರ್ಜಿಗೆ ಒಟ್ಟಿಗೇ ಸಹಿ ಸಂಗ್ರಹಿಸಿದವರು. ಇವರಲ್ಲಿ ಒಬ್ಬೊಬ್ಬರ ಬೆನ್ನಿಗೆ ಒಂದೊಂದು ಪಕ್ಷ ನಿಂತಿತ್ತು.

ನಮ್ಮಲ್ಲಿ ಗೆಲ್ಲಲು ಅರ್ಧದಷ್ಟು ಮತ ಬೇಕಿಲ್ಲ. ಉಳಿದ ಪ್ರತಿಯೊಬ್ಬರಿಗಿಂತ ಒಂದು ಹೆಚ್ಚಿದ್ದರೆ ಸಾಕು. ವಾರ್ಡಿನಿಂದ ಲೋಕಸಭೆಯವರೆಗೆ ಇದೇ ನಿಯಮ. ಹೀಗಾಗಿ ಪಕ್ಷಗಳು ತಮ್ಮ ಮತ ಹೆಚ್ಚಿಸಿಕೊಳ್ಳುವಷ್ಟೇ ಶ್ರದ್ಧೆಯಿಂದ ಎದುರಿನವರ ಮತ ಒಡೆಯುತ್ತವೆ.

ನಾಮಪತ್ರ ಹಿಂಪಡೆಯಲು ಕೊನೆಯ ದಿನ, ಮಧ್ಯಾಹ್ನ ಮೂರು ಗಂಟೆ ಗಡುವು. ಎರಡೂವರೆಗೆ ಮೌಲಾಸಾಬ ಒಬ್ಬನೇ ಬಂದ. ತುಂಬಿದ ಫಾರ್ಮ್ ಕೈಯಲ್ಲಿತ್ತು.

"ಅಕ್ಕಾರ, ನಾನೂ ರೇಣವ್ವಕ್ಕನೂ ಇಬ್ರೂ ನಿಂತ್ರ ಇಬ್ರೂ ಬೀಳ್ತೇವಿ ಅಂತ ಮಂದಿ ಅನ್ನಾಕತ್ತಾರ. ಖರೇ ಏನ್ರಿ?"

ಖರೇ ಎಂದು ನನಗೆ ಗೊತ್ತಿತ್ತು. "ಅದನ್ನ ನಾವು ಹೇಳೂ ಹಂಗಿಲ್ರಿ," ಎಂದೆ.

ಅವನು ಬೆಂಚಿನ ಮೇಲೆ ಕುಳಿತ. ಸ್ವಲ್ಪ ಹೊತ್ತಿಗೆ ಅವನ ಪಕ್ಷದ ಮುಖಂಡ ಬಂದು ಹೆಗಲ ಮೇಲೆ ಕೈ ಹಾಕಿದ. "ನೀ ಯಾಕ ಹಿಂದ ಸರೀತಿ? ಬೇಕಾದ್ರ ಆಕಿ ಸರೀಲಿ."

ಮೌಲಾಸಾಬ ನನ್ನ ಮುಖ ನೋಡಿದ. ನಾನು ರಿಜಿಸ್ಟರ್ ನೋಡಿದೆ. ಫಾರ್ಮ್ ಮಡಚಿ ಜೇಬಿಗಿಟ್ಟು ಅವನು ಹೊರಟುಹೋದ. ಮೂರು ಹೊಡೆಯಿತು, ಅಂತಿಮ ಪಟ್ಟಿಯಲ್ಲಿ ಮೂರು ಹೆಸರು ಬರೆದೆ.

ಎಣಿಕೆಯಲ್ಲಿ ಗುತ್ತಿಗೆದಾರನಿಗೆ ಹತ್ತರಲ್ಲಿ ನಾಲ್ಕು ಮತ. ಉಳಿದ ಆರು ನೆರೆಹೊರೆಯ ಆ ಇಬ್ಬರಲ್ಲಿ ಹಂಚಿಹೋಗಿದ್ದವು. ಗೆಲುವಿನ ಪ್ರಮಾಣಪತ್ರ ಟೈಪ್ ಮಾಡಿದವಳು ನಾನೇ. ಹೊರಗೆ ಗೆದ್ದವನಿಗೆ ಮೊದಲ ಹಾರ ಹಾಕಿದ್ದು ಮೌಲಾಸಾಬನ ಪಕ್ಷದ ಅದೇ ಮುಖಂಡ. ಕೆಲವು ತಿಂಗಳಲ್ಲಿ ಲಾರಿ ನಿಲ್ದಾಣದ ನಿರ್ಣಯ ಪುರಸಭೆಯಲ್ಲಿ ಒಂದೇ ಮತದ ಅಂತರದಿಂದ ಪಾಸಾಯಿತು.

ತೆರವಿನ ನೋಟಿಸ್ ಹಿಡಿದು ರೇಣವ್ವ ಕಚೇರಿಗೆ ಬಂದಳು.

"ಮೌಲಾ ಅವತ್ತ ನಿಮ್ಮನ್ನ ಕೇಳಿದ್ನಂತಲ್ರಿ. ನೀವು ಏನಂದ್ರಿ?"

ಇದ್ದದ್ದನ್ನು ಹೇಳಿದೆ. ಆಕೆ ಬಯ್ಯಲಿಲ್ಲ. "ಅಂವಗೂ ನಮಗೂ ಮಾತ ನಿಂತೈತ್ರಿ," ಎಂದಷ್ಟೇ ಹೇಳಿ, ನೋಟಿಸಿನ ಕಚೇರಿ ಪ್ರತಿಗೆ ಸಹಿ ಹಾಕಿ ಹೋದಳು.

ಯಾರು ಹಿಂದೆ ಸರಿಯಬೇಕೆಂದು ಹೇಳುವುದು ಪಕ್ಷಪಾತ. ಆದರೆ ಗೆಲುವನ್ನು ಹೇಗೆ ನಿರ್ಧರಿಸುತ್ತಾರೆಂದು, ಕೇಳಿದವನಿಗೆ ನಿಯಮ ಓದಿ ಹೇಳುವುದು ನನ್ನ ಕೆಲಸವೇ ಆಗಿತ್ತು. ಈ ವ್ಯತ್ಯಾಸ ನನಗೆ ತಿಳಿದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸುಮ್ಮನಿರುವುದು ಸುರಕ್ಷಿತವಾಗಿತ್ತು, ಅದಕ್ಕೆ ನಾನು ನಿಷ್ಪಕ್ಷಪಾತ ಎಂದು ಹೆಸರಿಟ್ಟೆ. ಅದರ ಲಾಭ ಯಾರಿಗೆ ಸಿಗುತ್ತದೆಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಮೌಲಾಸಾಬನೊಬ್ಬನನ್ನು ಬಿಟ್ಟು.