ತೀರ್ಥಮಲೆಯ ಅವರೆಬೇಳೆ ಸಾರು

ಗಂಡ ಇನ್ನೊಬ್ಬಳ ಕೈಯಡುಗೆಯನ್ನು ಹೊಗಳಿದರೆ ಹೆಂಡತಿಗೆ ಹೊಟ್ಟೆ ಉರಿಯುತ್ತದೆ. ನನಗೂ ಉರಿಯಿತು, ಸುಳ್ಳೇಕೆ ಹೇಳಲಿ. ಆದರೆ ಉರಿಗಿಂತ ಹೆಚ್ಚಾಗಿ ಕುತೂಹಲ ಹುಟ್ಟಿತು. ಆ ಹೆಂಗಸು ತನ್ನ ಸಾರಿಗೆ ಹಾಕುವುದಾದರೂ ಏನು?

ತೊಂಬತ್ತರ ದಶಕದ ನಡುವಿನ ಮಾತು. ನಾನು ಕೊಳತ್ತೂರಿನಿಂದ ಮದುವೆಯಾಗಿ ಮಾರಂಡಹಳ್ಳಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ನಮ್ಮದು ತಮಿಳು ಸೀಮೆಯೊಳಗಿನ ಕನ್ನಡದ ಮನೆ. ಹೊಟ್ಟೆಯಲ್ಲಿ ಮೊದಲ ಮಗು ಇತ್ತು. ಮನೆಯಲ್ಲಿ ಇದ್ದವರು ನಾವು ಮೂವರೇ: ನಾನು, ನನ್ನ ಗಂಡ, ನಮ್ಮತ್ತೆ. ಮಾವ ನಾನು ಬರುವುದಕ್ಕೂ ಮೊದಲೇ ತೀರಿಕೊಂಡಿದ್ದರು. ಮಾರ್ಗಳಿ ತಿಂಗಳ ಮಂಜು ಬೀಳುತ್ತಿತ್ತು, ರಾಗಿ ಕೊಯ್ದ ಹೊಲದಲ್ಲಿ ಅವರೆ ಸಾಲು ಮಾತ್ರ ಹಸಿರಾಗಿ ನಿಂತಿತ್ತು. ನನ್ನ ಗಂಡ ಟೊಮೇಟೊ ಲಾರಿಯ ಜೊತೆ ಅರೂರಿನ ಮಂಡಿಗೆ ಹೋದವರು, ಅಲ್ಲಿಂದ ಡ್ರೈವರನ ಮಾತು ಕೇಳಿ ತೀರ್ಥಮಲೆಗೆ ಹೋಗಿ ಉಂಡು ಬಂದಿದ್ದರು. ಬಂದವರೇ ಜಗಲಿಯ ಮೇಲೆ ಕೂತು ಶುರು ಮಾಡಿದರು.

"ಅವ್ವಾ, ಅಲ್ಲಿ ಬೆಟ್ಟದ ಬುಡದಾಗೆ ಒಂದು ಓಟ್ಲು ಐತೆ. ಪೆನ್ನಾಗರಂ ಕಡೇ ಅಕ್ಕ, ನಮ್ ಮಾತೇ ಆಡ್ತಾಳೆ. ವರ್ಸವೆಲ್ಲಾ ಬರೀ ಇಡ್ಲಿ, ಟೀ. ಅವ್ರೆ ಕಾಲ್ದಾಗೆ ಮಾತ್ರ ಮುದ್ದೆ, ಇದುಕಿದ ಬ್ಯಾಳೆ ಸಾರು. ಏನ್ ಸಾರವ್ವಾ ಅದು!"

ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು. ನಮ್ಮಿಬ್ಬರ ಕೈಯಲ್ಲಿ ಆಗಲೂ ನೆನೆಸಿದ ಅವರೆಕಾಳೇ ಇತ್ತು. ಒಂದೊಂದೇ ಕಾಳನ್ನು ಹಿದುಕಿ ಸಿಪ್ಪೆ ಬೇರೆ, ಬೇಳೆ ಬೇರೆ ಮಾಡಿ ಬೆರಳ ತುದಿ ಸುಕ್ಕುಗಟ್ಟಿತ್ತು. ಇಷ್ಟು ಪಾಡುಪಟ್ಟು ಮಾಡಿದ್ದನ್ನು ಎರಡು ಹೊತ್ತೂ ಉಣ್ಣುವ ಮನುಷ್ಯ ಹೋಟೆಲಿನ ಸಾರು ಹೊಗಳುತ್ತಾನೆ! ನಾನು ಹೊಳೆದಂಡೆಯ ಕೊಳತ್ತೂರಿನವಳು, ನನ್ನ ಕೈ ಪಳಗಿದ್ದು ಮೀನಿನ ಸಾರಿನಲ್ಲಿ. ಅವರೆಯಲ್ಲಿ ಅತ್ತೆಯನ್ನು ಮೀರಿಸುವವರು ನಮ್ಮ ಬೀದಿಯಲ್ಲೇ ಇರಲಿಲ್ಲ. ಹಾಗಾಗಿ ಅವಮಾನ ಆಗಿದ್ದು ಅವರಿಗೆ. ಆದರೂ ಮೊದಲು ಕೇಳಿದವರು ಅವರೇ: "ಸಾರಿಗೆ ಏನ್ ಆಕ್ತಾಳೆ?"

"ಅದೆಲ್ಲಾ ನಂಗ್ ಏನ್ ಗೊತ್ತು" ಎಂದುಬಿಟ್ಟರು ಗಂಡ.

ಆಮೇಲೆ ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ. ಕಾಳು ಹಿದುಕುವಾಗ, ಹಸುವಿಗೆ ಮೇವು ಹಾಕುವಾಗ, ಅತ್ತೆ ಇದ್ದಕ್ಕಿದ್ದ ಹಾಗೆ "ಗಸಗಸೆ ಆಕ್ತಾಳೇನೋ" ಎನ್ನುತ್ತಿದ್ದರು. ನಾನು ಲವಂಗ ಎನ್ನುತ್ತಿದ್ದೆ. ಗಂಡನನ್ನು ಹಿಡಿದು ಸಾರಿನ ಬಣ್ಣ ಕೇಳಿದೆವು, ಮೇಲೆ ಎಣ್ಣೆ ತೇಲುತ್ತಿತ್ತೋ ಇಲ್ಲವೋ ಕೇಳಿದೆವು. ಪೊಲೀಸರು ಕಳ್ಳನನ್ನು ವಿಚಾರಿಸಿದಂತೆ ವಿಚಾರಿಸಿದರೂ ಆ ಮನುಷ್ಯನ ಬಾಯಲ್ಲಿ ಬಂದಿದ್ದು "ಚೆಂದಾಗಿತ್ತು" ಒಂದೇ.

ಕೊನೆಗೆ ನಾನೇ ಬಸುರಿಯ ಬಯಕೆ ಎಂಬ ಅಸ್ತ್ರ ತೆಗೆದೆ. ನನಗೆ ಆ ಸಾರೇ ಬೇಕು ಎಂದೆ. ಬಯಕೆ ಎಂದಮೇಲೆ ಯಾರೂ ಇಲ್ಲ ಅನ್ನುವ ಹಾಗಿಲ್ಲ. ಗಂಡ ಕೂಡಲೇ ಯೋಜನೆ ಹಾಕಿದರು. ಬೆಳಗಿನ ಬಸ್ಸಿಗೆ ಧರ್ಮಪುರಿ, ಅಲ್ಲಿಂದ ಅರೂರು, ಅರೂರಿನಿಂದ ತೀರ್ಥಮಲೆ. ಬಸುರಿ ಬೆಟ್ಟ ಹತ್ತುವ ಹಾಗಿಲ್ಲ, ಮೇಲಿನ ದೇವರಿಗೆ ಕೆಳಗಿನಿಂದಲೇ ಕೈಮುಗಿಯುವುದು. ಆ ಹೋಟೆಲಿನಲ್ಲಿ ಅಳತೆ ನೋಡಿ ಸಾರು ಮಾಡುತ್ತಾರಂತೆ, ಮಧ್ಯಾಹ್ನಕ್ಕೇ ಮುಗಿದುಹೋಗುತ್ತದಂತೆ, ಆದ್ದರಿಂದ ಲಾರಿ ಡ್ರೈವರನ ಬಾಯಲ್ಲಿ ಮೊದಲೇ ಹೇಳಿ ಕಳಿಸುವುದು. ಪೊಂಗಲ್ ದಾಟಿ ಬಿಸಿಲೇರಿದರೆ ಅವರೆಯ ಸೊಗಡು ಹೋಗುತ್ತದೆ, ಆ ಹೆಂಗಸು ಮತ್ತೆ ಇಡ್ಲಿಗೆ ಇಳಿಯುತ್ತಾಳೆ. ಅಷ್ಟರೊಳಗೆ ಹೋಗಬೇಕು. ಬಸುರಿಯ ಜೊತೆ ಹಿರಿಯ ಹೆಂಗಸು ಇರಲೇಬೇಕು, ಅಂದರೆ ಅತ್ತೆ ಬರಲೇಬೇಕು.

ಅತ್ತೆ ಬರಲೊಲ್ಲರು. ಮೊದಲ ಸಲ ಹಸುವಿನ ನೆಪ. ಹಸು ಈದಮೇಲೆ ಕರುವಿನ ನೆಪ. ಆಮೇಲೆ ಮಂಡಿನೋವು. ಬಾಯಲ್ಲಿ ಮಾತ್ರ ಆ ಸಾರಿನ ಸುದ್ದಿ ಬಿಟ್ಟು ಬೇರೆ ಇಲ್ಲ. ಗಸಗಸೆ ಬಿಟ್ಟು ಈಗ ಹುರಿಗಡಲೆಗೆ ಬಂದಿದ್ದರು. ಇಷ್ಟೊಂದು ಆಸೆ ಇಟ್ಟುಕೊಂಡು ಯಾಕೆ ಹೀಗೆ ಜಾರಿಕೊಳ್ಳುತ್ತಾರೆ ಎಂಬುದೇ ನನಗೆ ಸಾರಿಗಿಂತ ದೊಡ್ಡ ಒಗಟಾಯಿತು. ಹೊರಗೆ ಉಣ್ಣಬಾರದು ಎಂದು ವ್ರತವೇ? ಸಂತೆಯಲ್ಲಿ ಬೋಂಡಾ ತಿಂದದ್ದನ್ನು ನಾನೇ ನೋಡಿದ್ದೆ. ಬಸ್ಸಿನ ಭಯವೇ? ಒಬ್ಬರೇ ಪಾಲಕ್ಕೋಡಿಗೆ ಹೋಗಿ ಬರುತ್ತಿದ್ದರು.

ಒಂದು ಮಧ್ಯಾಹ್ನ ಕಾಳು ಹಿದುಕುತ್ತಾ ಕೂತಿದ್ದಾಗ ತಡೆಯಲಾರದೆ ನೇರವಾಗಿ ಕೇಳಿದೆ. ಅತ್ತೆ ತಲೆ ಎತ್ತಲಿಲ್ಲ.

"ಕರೀದೆ ಊಟಕ್ಕೆ ಎಂಗ್ ಓಗಾದು?" ಎಂದರು.

ನನಗೆ ನಗು ಬಂತು. "ಅತ್ತೆ, ಅದು ಓಟ್ಲು. ಓಟ್ಲಿಗೆ ಯಾರು ಕರೀತಾರೆ? ಎಲ್ಲಾರೂ ಓಯ್ತಾರೆ."

"ಎಲ್ಲಾರೂ ಅಂದ್ರೆ ಯಾರು? ನಿಮ್ಮಾವ ಓದ್ಮ್ಯಾಲೆ ನನ್ನ ಊಟಕ್ಕೆ ಯಾರು ಕರ್ದವ್ರೆ ಏಳು. ಬಂದೋರು ನಿಂಗೆ ಕುಂಕ್ಮ ಇಟ್ಟು, ಎಲೆ ಅಡಿಕೆ ಕೊಟ್ಟು, ಎಲ್ಲಾರೂ ಬಂದ್ಬುಡಿ ಅಂತಾರೆ. ಆ ಎಲ್ಲಾರಾಗೆ ನಾನ್ ಇದೀನೋ ಇಲ್ವೋ, ಕೇಳಾಕಾಯ್ತದಾ?"

ನನ್ನ ನಗು ಅಲ್ಲೇ ನಿಂತಿತು. ಅವರು ಹೇಳಿದ್ದು ನಿಜವೇ. ಮದುವೆಗೋ ಗೃಹಪ್ರವೇಶಕ್ಕೋ ಕರೆಯಲು ಬಂದವರು ನನ್ನ ಹಣೆ ನೋಡಿ ಮಾತಾಡುತ್ತಿದ್ದರು. ಅತ್ತೆ ಒಳಗಿನ ಬಾಗಿಲ ಹತ್ತಿರ ನಿಂತಿರುತ್ತಿದ್ದರು, ಬಂದವರಿಗೆ ಕಾಫಿ ತಂದುಕೊಡುತ್ತಿದ್ದರು. ಊಟದ ದಿನ ಏನಾದರೊಂದು ನೆಪ ಹೇಳಿ ಮನೆಯಲ್ಲೇ ಉಳಿಯುತ್ತಿದ್ದರು. ಈಗ ಹೋಟೆಲಿಗೂ ಅದೇ ಲೆಕ್ಕ ಹಾಕಿಕೊಂಡಿದ್ದರು.

ಗಂಡನಿಗೆ ಹೇಳಿದೆ. "ಓಟ್ಲೋರ್ನ ನಮ್ಮವ್ವನ್ನ ಕರೀರಿ ಅಂತ ಕೇಳಾದಾ? ನಗ್ತಾರೆ ಕಣೇ" ಎಂದರು. ನಕ್ಕರೆ ನಗಲಿ, ಹಲ್ಲೇನೂ ಉದುರುವುದಿಲ್ಲ ಎಂದು ನಾನು ಜಗಳಕ್ಕೇ ನಿಂತೆ. ಆ ರಾತ್ರಿ ಮುಖ ಊದಿಸಿಕೊಂಡು ಮಲಗಿದವರು ಬೆಳಿಗ್ಗೆ ಹೋಗಿ ಡ್ರೈವರಿಗೆ ವಿಷಯ ಹೇಳಿ ಬಂದರು.

ಕೆಲವು ದಿನ ಏನೂ ಸುದ್ದಿಯಿಲ್ಲ. ಪೊಂಗಲ್ ಬಂತು, ಹೋಯಿತು. ಹೊಲದಲ್ಲಿ ಅವರೆ ಎಲೆ ಹಳದಿಗೆ ತಿರುಗತೊಡಗಿತು. ನನಗೆ ಒಳಗೊಳಗೇ ಚಡಪಡಿಕೆ. ಆ ಹೆಂಗಸಿಗೆ ಯಾವ ಊರಿನ ಯಾವ ಮುದುಕಿಯನ್ನು ಕರೆದು ಏನಾಗಬೇಕು?

ಒಂದು ಬೆಳಿಗ್ಗೆ ಲೋಡು ತುಂಬಲು ಬಂದ ಡ್ರೈವರು ನಮ್ಮ ಅಂಗಳಕ್ಕೆ ಬಂದು ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ನಿಂತ. ಕೈಯಲ್ಲಿ ಬಾಳೆಯೆಲೆಯ ಸಣ್ಣ ಪೊಟ್ಟಣ. ನಾನು ಮುಂದೆ ಬಂದೆ. ಆತ ನನ್ನನ್ನು ದಾಟಿ ನೋಡುತ್ತಾ, "ಪೆರಿಯಮ್ಮಾ ಎಂಗೆ?" ಎಂದು ಅತ್ತೆ ಎಲ್ಲಿ ಅಂತ ತಮಿಳಿನಲ್ಲಿ ಕೇಳಿದ. ಅತ್ತೆ ಕೊಟ್ಟಿಗೆಯಿಂದ ಸಗಣಿ ಕೈಯಲ್ಲೇ ಬಂದರು. ಆತ ತನಗೆ ಬರುವಷ್ಟು ಕನ್ನಡದಲ್ಲಿ ಹೇಳಿದ: "ಅಮ್ಮಾ, ಓಟ್ಲು ಅಕ್ಕಾ ಏಳವ್ರೆ. ನೀವೇ ಬರ್ಬೇಕು. ನೀವು ಬಂದ್ ಮ್ಯಾಲೇ ಸಾರು ಇಳಸ್ತಾರಂತೆ."

ಅತ್ತೆ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಎರಡೂ ಕೈ ಒಡ್ಡಿ ಪೊಟ್ಟಣ ತೆಗೆದುಕೊಂಡರು. ಒಳಗೆ ಎಲೆ ಅಡಿಕೆ ಇತ್ತು.

"ನನ್ನೇನಾ ಕರ್ದಿದ್ದು?"

"ಉಂಗಳತ್ತಾನ್ ಅಮ್ಮಾ. ನಿಮ್ಮನ್ನೇ."

ಮಂಡಿನೋವು ಅಂದೇ ಮಾಯವಾಯಿತು. ಯಾವ ಬಸ್ಸು, ಯಾವ ಸೀರೆ, ಕರುವನ್ನು ಯಾರು ನೋಡಿಕೊಳ್ಳುವುದು, ಎಲ್ಲವನ್ನೂ ಅವರೇ ತೀರ್ಮಾನಿಸಿದರು. ಕರೆದವರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಒಂದು ಚೀಲ ಅವರೆಕಾಯಿ ಕಿತ್ತು ಗಂಡನ ಹೆಗಲಿಗೇರಿಸಿದರು. ಹೋಟೆಲಿಗೆ ತರಕಾರಿ ಹೊತ್ತು ಉಣ್ಣಲು ಹೋಗುವ ಗಿರಾಕಿಗಳು ನಾವೇ ಮೊದಲಿರಬೇಕು ಎಂದು ಗಂಡ ದಾರಿಯುದ್ದಕ್ಕೂ ಗೊಣಗಿದರು.

ತೀರ್ಥಮಲೆ ಸದ್ದಿಲ್ಲದ ಊರು. ಜಾತ್ರೆಯ ಕಾಲವಲ್ಲ. ಬೀದಿಯಲ್ಲಿ ಕೋತಿಗಳನ್ನು ಬಿಟ್ಟರೆ ನಾವೇ ಜನ. ನಾವು ಬೆಟ್ಟದ ಕಡೆಗೆ ಕೈಮುಗಿದೆವು. ಹೋಟೆಲು ಎಂದರೆ ಗರಿ ಹೊದಿಸಿದ ಚಪ್ಪರ, ಎರಡು ಉದ್ದನೆಯ ಬೆಂಚು. ಅತ್ತೆಯ ವಯಸ್ಸಿನ ಹೆಂಗಸೊಬ್ಬರು ಹೊರಗೆ ಬಂದು "ಬಾರಕ್ಕಾ, ಯಾಕಿಷ್ಟು ಒತ್ತಾಯ್ತು?" ಎಂದು ಚೀಲ ಇಸಿದುಕೊಂಡರು. ಅತ್ತೆ ಮನೆಯಲ್ಲಿ ನಿಲ್ಲುವ ಹಾಗೆ ಕಂಬದ ಪಕ್ಕ ನಿಂತರು. ನಮಗೆಲ್ಲ ಬಡಿಸಿ, ಹಸುವಿಗೆ ಕಲಗಚ್ಚು ಇಟ್ಟು, ತಳದಲ್ಲಿ ಉಳಿದದ್ದಕ್ಕೆ ಕೂರುವುದು ಅವರ ಅಭ್ಯಾಸ. ಆ ಹೆಂಗಸು ಕೈಹಿಡಿದು ಎಳೆದು ಮೊದಲ ಎಲೆಗೆ ಅವರನ್ನೇ ಕೂರಿಸಿದರು. ಒಲೆಯಿಂದ ಸೀದಾ ಇಳಿಸಿದ ಪಾತ್ರೆ ಬಂತು. ಮುದ್ದೆಯಿಂದಲೂ ಸಾರಿನಿಂದಲೂ ಹಬೆ ಏಳುತ್ತಿತ್ತು.

ನಾನು ಕಣ್ಣುಮುಚ್ಚಿ ಒಂದೊಂದೇ ರುಚಿ ಹುಡುಕಿದೆ. ಕೊತ್ತಂಬರಿ, ತೆಂಗಿನಕಾಯಿ, ಬೆಳ್ಳುಳ್ಳಿ, ಚೂರು ಚಕ್ಕೆ. ಗಸಗಸೆ ಇಲ್ಲ, ಲವಂಗ ಇಲ್ಲ, ಹುರಿಗಡಲೆ ಇಲ್ಲ. ಇನ್ನೊಮ್ಮೆ ಹಾಕಿಸಿಕೊಂಡು ನೋಡಿದೆ. ಇದು ನಮ್ಮ ಮನೆಯ ಸಾರು! ಒಂದು ಹರಳು ಉಪ್ಪಿನ ವ್ಯತ್ಯಾಸವೂ ಇಲ್ಲ. ಗಂಡನ ಕಡೆ ಕೆಂಗಣ್ಣು ಬಿಟ್ಟೆ. ಲೋಡು ಇಳಿಸಿ ಹಸಿದವನಿಗೆ ಏನು ಕೊಟ್ಟರೂ ಅಮೃತವಾಗಿರಬೇಕು ಎಂದು ಈಗ ಹೊಳೆಯಿತು. ಅತ್ತೆ ಮಾತ್ರ ಯಾರ ಕಡೆಗೂ ನೋಡದೆ, ಮೂಗಿನ ಮೇಲೆ ಬೆವರು ಕಟ್ಟಿಸಿಕೊಂಡು ಉಣ್ಣುತ್ತಿದ್ದರು. ಎರಡನೇ ಮುದ್ದೆಗೂ ಬೇಡ ಎನ್ನಲಿಲ್ಲ.

ಬಸ್ಸಿಗೆ ಕಾಯುವಾಗ ನನ್ನ ಬಾಯಿ ಸುಮ್ಮನಿರಲಿಲ್ಲ. "ಅತ್ತೆ, ಅದು ನೀವು ಮಾಡೋ ಸಾರೇ. ಇದಕ್ಕಾ ಇಷ್ಟು ದೂರ ಬಂದಿದ್ದು?"

"ನಂದೇನಾ?" ಎಂದು ಅವರು ಬೆರಗಾಗಿ ನನ್ನನ್ನೇ ನೋಡಿದರು. "ಇರ್ಬೋದು ಕಣಮ್ಮಣ್ಣಿ. ನಂಗ್ ಗೊತ್ತಾಗ್ಲಿಲ್ಲ. ಬಿಸೀದು ನಾನು ಯಾವತ್ತೂ ಉಂಡಿಲ್ವಲ್ಲ."

ಗಂಡ ಬಸ್ಸು ಬಂತೇನೋ ಎಂದು ನೋಡುವವರ ಹಾಗೆ ರಸ್ತೆಯ ಕಡೆ ತಿರುಗಿ ನಿಂತರು. ನನಗೆ ಅಳು ತಡೆಯಲಾಗಲಿಲ್ಲ. ಬಸುರಿ ಹೀಗೆ ಬೀದಿಯಲ್ಲಿ ನಿಂತು ಅಳಬಾರದು ಎಂದು ಅತ್ತೆ ಗದರಿಸಿದರು.